ಬಟ್ಟೆಯ ಟಾಪಿನ ಮೇಲೊಂದು ಬೊಟ್ಟು

ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಬಳ್ಳಾರಿಯ ಒಂದು ಸೆಕೆಂಡ್‌ಹ್ಯಾಂಡ್ ಕಾರಿನ ಅಂಗಡಿಯಲ್ಲಿದ್ದೇನೆ. ಈ ಕೆಲಸಕ್ಕೆ ಧೈರ್ಯ ಬೇಕು ಎನ್ನುತ್ತಾರೆ. ನಾನು ಮೊದಲಿನಿಂದಲೂ ಪುಕ್ಕಲ. ದುಬಾರಿ ಗಾಡಿಯ ಬಾಗಿಲು ತೆಗೆಯುವಾಗಲೇ ಅಂಗೈ ಬೆವರುತ್ತದೆ.

ಹೋದ ಬೇಸಿಗೆಯಲ್ಲಿ ಒಂದೇ ಕಂಪನಿಯ, ಒಂದೇ ವರ್ಷದ ಎರಡು ವಿದೇಶಿ ಸ್ಪೋರ್ಟ್ಸ್ ಕಾರುಗಳು ಬಂದವು. ಒಂದು ಕೂಪೆ, ತಗಡಿನ ಟಾಪಿನದು. ಇನ್ನೊಂದು ಕನ್ವರ್ಟಿಬಲ್, ಗುಂಡಿ ಒತ್ತಿದರೆ ಕೆನೆ ಬಣ್ಣದ ಬಟ್ಟೆಯ ಟಾಪು ಮಡಚಿಕೊಂಡು ಹಿಂದೆ ಅಡಗುವಂಥದ್ದು. ಹೊಸದರಲ್ಲಿ ಬಟ್ಟೆಯದಕ್ಕೇ ಬೆಲೆ ಹೆಚ್ಚು. ಹಳೆಯದಾದಂತೆ ಲೆಕ್ಕ ತಿರುಗುತ್ತದೆ. ಕಂಪನಿಯವರು ತೀರಾ ಕೆಲವೇ ಕೆಲವು ಗಾಡಿ ಮಾಡಿದ್ದಾದರೆ ಮಾತು ಬೇರೆ. ಉಳಿದವುಗಳ ಬಟ್ಟೆ ನಮ್ಮ ಬಿಸಿಲಿಗೆ ಬಿರಿಯುತ್ತದೆ, ಅದಿರಿನ ಕೆಂಪು ಧೂಳು ಹೊಲಿಗೆಯೊಳಗೆ ಹೋಗಿ ಕೂರುತ್ತದೆ. ತಗಡಿನದು ಬೆಲೆ ಹಿಡಿದುಕೊಳ್ಳುತ್ತದೆ, ಬಟ್ಟೆಯದು ಜಾರುತ್ತದೆ. ಅದನ್ನು ನಾವು ಅಂಗಡಿಯಲ್ಲಿ ಟೋಪಿ ಗಾಡಿ ಎನ್ನುತ್ತೇವೆ, ಕೊಂಡವನು ಟೋಪಿ ಹಾಕಿಸಿಕೊಂಡ ಎಂಬ ಅರ್ಥದಲ್ಲಿ.

ಸಿರುಗುಪ್ಪದ ರೈಸ್‌ಮಿಲ್ ಸಾವ್ಕಾರರು ಕೂಪೆಯನ್ನು ಅಂಗಡಿಗೇ ಬಂದು ನೋಡಿದ್ದರು. ಟೋಪಿ ಗಾಡಿಯನ್ನು ಮನೆಯವರಿಗೂ ತೋರಿಸಬೇಕು, ಓಡಿಸಿಕೊಂಡೇ ಬನ್ನಿ ಎಂದರು. ಕೀ ಕೊಡುವಾಗ ನಮ್ಮ ಧಣಿ, “ಒಂದು ಗೀರು ಬಿದ್ರೂ ನೀನಾ ಕಟ್ಟಿಕೊಡಬೇಕು ನೋಡು. ನೌಕರಿನೂ ಉಳಿಯಂಗಿಲ್ಲ,” ಎಂದರು.

ಹೆದ್ದಾರಿಯಲ್ಲಿ ಕೆಲಸ ನಡೆದಿತ್ತು. ಜಲ್ಲಿ ಸಿಡಿದೀತೆಂದು ಹೆದರಿ ಸುತ್ತಾದರೂ ಕುರುಗೋಡಿನ ದಾರಿ ಹಿಡಿದೆ. ಟಾಪು ಮುಚ್ಚಿಕೊಂಡು, ಎದುರಿಗೆ ಟ್ರ್ಯಾಕ್ಟರ್ ಕಂಡರೆ ಪಕ್ಕಕ್ಕೆ ನಿಂತು, ಎತ್ತಿನ ಬಂಡಿಗಿಂತ ನಿಧಾನವಾಗಿ ಹೋದೆ. ಕುರುಗೋಡಿನಲ್ಲಿ ಅಕ್ಕನ ಮನೆ. ಗಂಟಲು ಒಣಗಿತ್ತು, ನೀರು ಕುಡಿಯಲು ಇಳಿದೆ.

ಚೊಂಬು ಕೆಳಗಿಟ್ಟು ಹೊರಗೆ ಬಂದರೆ ಅಕ್ಕ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತಿದ್ದಳು. ಮುಂದಿನ ಗಾಜಿನ ಮೇಲ್ಗಡೆ, ಕೆನೆ ಬಣ್ಣದ ಬಟ್ಟೆಯ ಮೇಲೆ, ರೂಪಾಯಿಯಗಲದ ಒದ್ದೆ ಕುಂಕುಮ.



“ಯಾಕೋ ತಮ್ಮಾ, ಮಖ ಹಂಗ್ಯಾಕಾತು?” ಎಂದಳು. “ನಿಮ್ಮ ಭಾವನ ಲಾರಿಗೂ ದಿನಾ ಅಲ್ಲೇ ಇಡ್ತೀನಿ. ಬೊಟ್ಟಿಲ್ಲದ ಗಾಡಿ ಈ ಮನಿ ಮುಂದಿಂದ ಹೊಂಟ್ರ ನನಗ ಜೀವಾನ ನಿಲ್ಲಂಗಿಲ್ಲ. ಇದರ ತಲಿ ನೋಡಿದ್ರ ಬರೇ ಬಟ್ಟೀದು ಐತಿ!”

ಭಾವ ಭತ್ತದ ಲಾರಿ ಓಡಿಸುತ್ತಾರೆ. ಅವರು ಬರುವವರೆಗೆ ಅಕ್ಕ ಒಲೆಗೂ ಬಾಗಿಲಿಗೂ ಓಡಾಡುತ್ತಿರುತ್ತಾಳೆ. ಅವಳನ್ನು ಬೈಯದೆ ಗಾಡಿ ಹತ್ತಿದೆ.

ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಕರವಸ್ತ್ರ ಒದ್ದೆ ಮಾಡಿ ಒರೆಸಿದೆ. ತಗಡಾಗಿದ್ದರೆ ಒಂದೇ ಉಜ್ಜಿಗೆ ಹೋಗುತ್ತಿತ್ತು. ಬಟ್ಟೆ ಕುಡಿದುಬಿಟ್ಟಿತ್ತು, ಉಜ್ಜಿದಷ್ಟೂ ಹರಡಿತು. ಟಾಪು ತೆರೆದಿಟ್ಟರೆ ಕಲೆ ಮಡಿಕೆಯೊಳಗೆ ಅಡಗುತ್ತದೆ ಎಂಬುದೊಂದೇ ಹೊಳೆದ ಉಪಾಯ. ಸುಡುಬಿಸಿಲಿನಲ್ಲಿ ನೆತ್ತಿ ಕಾಯಿಸಿಕೊಳ್ಳುತ್ತಾ ಸಿರುಗುಪ್ಪಕ್ಕೆ ಹೋದೆ. ದಾರಿಯಲ್ಲಿ ಕಂಡವರೆಲ್ಲ ನನ್ನನ್ನು ದೊಡ್ಡ ಶೋಕಿಲಾಲ ಎಂದುಕೊಂಡಿರಬೇಕು.

ಮಿಲ್ಲಿನ ಅಂಗಳದಲ್ಲಿ ಗಾಳಿಗೆ ಭತ್ತದ ಹೊಟ್ಟು ಹಾರುತ್ತಿತ್ತು. ಸಾವ್ಕಾರರೂ ಅವರ ತಾಯಿಯೂ ಹೊರಗೆ ಬಂದರು. ಸೀಟಿನ ಮೇಲೆ ಹೊಟ್ಟು ಬೀಳುವುದನ್ನು ಕಂಡು ಸಾವ್ಕಾರರು, “ಟಾಪು ಮುಚ್ರಿ, ಹೆಂಗ ಮುಚ್ಚತೈತಿ ನೋಡೂಣು,” ಎಂದರು. ಗುಂಡಿ ಒತ್ತಿದೆ. ಟಾಪು ಮೆಲ್ಲಗೆ ಎದ್ದಿತು. ಮಡಿಕೆಯೊಳಗೆ ಒತ್ತಿಕೊಂಡು ಒಂದು ಕಲೆ ಎರಡಾಗಿತ್ತು.

ಸಾವ್ಕಾರರು ಹುಬ್ಬು ಗಂಟಿಕ್ಕಿ, “ನಮಗ ತಗಡಿಂದಾ ಇರ್ಲಿ ಬಿಡ್ರಿ,” ಎಂದರು. ಅವರ ತಾಯಿ ಮಾತ್ರ ಹತ್ತಿರ ಬಂದು ಕಲೆಯನ್ನು ಮುಟ್ಟಿ ನೋಡಿದರು. “ಬೊಟ್ಟು ಒರಸ್ಯಾರಲ್ಲಪಾ! ಯಾವ ಮುತ್ತೈದಿ ಇಟ್ಟಿದ್ಲೋ, ಒರಸಿದ ಕೈ ಯಾರದೋ?”

ನೌಕರಿಯ ಭಯ ಅಲ್ಲಿಗೇ ಬಿಟ್ಟುಹೋಯಿತು. ಅದಕ್ಕಿಂತ ದೊಡ್ಡ ಭಯ ಬಂದು ಕುತ್ತಿಗೆ ಹಿಡಿಯಿತು. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ ಎಂದು ಅಂಗಡಿಯಲ್ಲಿ ಭಾಷಣ ಬಿಗಿಯುತ್ತೇನೆ. ಆದರೂ ಮಿಲ್ಲಿನ ಗೇಟು ದಾಟಿದ್ದೇ ಅಕ್ಕನಿಗೆ ಫೋನು ಮಾಡಿದೆ.

“ಭಾವ ಬಂದ್ರಾ?”

“ಇಲ್ಲೋ. ಫೋನೂ ಹತ್ತವಲ್ದು. ಯಾಕ?”

“ಸುಮ್ನ ಕೇಳಿದೆ.”

ಬರುವಾಗ ತಗ್ಗುದಿನ್ನೆ ನೋಡಲಿಲ್ಲ, ಟ್ರ್ಯಾಕ್ಟರಿಗೆ ನಿಲ್ಲಲಿಲ್ಲ. ಆ ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎಂದು ಆಗಲೇ ಗೊತ್ತಾದದ್ದು. ಎದುರಿಗೆ ಬಂದ ಪ್ರತಿ ಲಾರಿಯ ಹಣೆಯಲ್ಲೂ ಬೊಟ್ಟು ಹುಡುಕುತ್ತಿದ್ದೆ. ಕಾಲುವೆಯ ಬಳಿ ಜನ ಗುಂಪುಗೂಡಿದ್ದು ಕಂಡು ಬ್ರೇಕು ಒತ್ತಿದೆ. ಹತ್ತಿರ ಹೋದರೆ, ನೀರಿಗೆ ಬಿದ್ದ ಎಮ್ಮೆಯನ್ನು ಮೇಲಕ್ಕೆತ್ತುತ್ತಿದ್ದರು.

ಕುರುಗೋಡಿನಲ್ಲಿ ಅಕ್ಕನ ಓಣಿಗೆ ತಿರುಗಿದರೆ ಲಾರಿ ಮನೆಯ ಮುಂದೆಯೇ ನಿಂತಿತ್ತು. ಭಾವ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಫೋನಿನ ಚಾರ್ಜು ಮುಗಿದಿತ್ತಂತೆ. ನಾನು ಸ್ಟೀರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಅಕ್ಕ ಓಡಿ ಬಂದವಳು ಮೊದಲು ನೋಡಿದ್ದು ಟಾಪನ್ನು.

“ಅಯ್ಯ, ಬೊಟ್ಟು ಅಳಿಸಿ ಹೋತಲ್ಲೋ!”

“ಇನ್ನೊಮ್ಮೆ ಇಡು,” ಎಂದೆ.

“ತಡಿ, ತಟ್ಟಿ ತರ್ತೀನಿ. ಎಲ್ಲಿಡ್ಲಿ?”

“ಅಲ್ಲೇ. ಬಟ್ಟೀ ಮ್ಯಾಲೆ.”