ಗಂಭೀರ ದನಿ ಮತ್ತು ಬಾಮೈದನ ದೋಣಿ

ಕರಾವಳಿಯ ರೇಡಿಯೋ ಕೊಠಡಿಯಲ್ಲಿ ಮೈಕಿನ ಮುಂದೆ ಕೂತು ಹಡಗುಗಳಿಗೆ ಎಚ್ಚರಿಕೆ ಓದುವುದು ನನ್ನ ಕೆಲಸ. ಸಮುದ್ರ ಯಾರಪ್ಪನ ಆಸ್ತಿಯೂ ಅಲ್ಲ, ಯಾವ ದೇಶದ ಹಡಗಾದರೂ ನೆಮ್ಮದಿಯಾಗಿ ಹಾದುಹೋಗಲಿ ಎಂಬುದು ನಮ್ಮ ರಾಷ್ಟ್ರೀಯ ನೀತಿ. ಹಾಗಾಗಿ ಗದರುವಂತಿಲ್ಲ, ಅಡ್ಡಗಟ್ಟುವಂತಿಲ್ಲ, ವಿನಯದಿಂದ ತಿಳಿಸಬೇಕು. ಆ ವಿನಯಕ್ಕೆ ನನ್ನಷ್ಟು ಗಾಂಭೀರ್ಯ ತುಂಬುವವರು ಇನ್ನೊಬ್ಬರಿಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ದಿನಾ ಬಿಸಿನೀರು ಮುಕ್ಕಳಿಸಿಯೇ ಮೈಕು ಮುಟ್ಟುತ್ತಿದ್ದೆ. ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳುವಾಗಲೂ ಅದೇ ದನಿ. "ನಿಮ್ಮ ಎದುರಿಗೇ ಇದೆ, ದೊರೆಗಳೇ," ಎನ್ನುತ್ತಿದ್ದಳು ಹೆಂಡತಿ.

ಅವತ್ತು ವಿಮಾನಗಳೂ ಯುದ್ಧನೌಕೆಗಳೂ ಸೇರಿ ಗುಂಡಿನ ಅಭ್ಯಾಸ ನಡೆಸುವುದಿತ್ತು. "ಸದರಿ ವಲಯದಲ್ಲಿರುವ ಸಮಸ್ತ ನೌಕೆಗಳು ದಯವಿಟ್ಟು ದೂರ ಸರಿಯತಕ್ಕದ್ದು" ಎಂದು ಹಡಗಿನವರ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ ರಾಗವಾಗಿ ಓದಿದೆ. ದೊಡ್ಡ ಹಡಗುಗಳೆಲ್ಲ ಸರಿದವು. ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಗುರುತು ನೋಡಿದೆ. ಅಯ್ಯೋ, ನನ್ನ ಹೆಂಡತಿಯ ತಮ್ಮನ ಮೀನುದೋಣಿ!

ಸಾಹೇಬರಿಗೆ ಫೋನ್ ಮಾಡಿದೆ. "ವಿಮಾನ ಹೊರಟುಬಿಟ್ಟಿದೆ ಕಣ್ರೀ. ನಿಲ್ಲಿಸೋಕೆ ನಾನು ಕೇಳ್ತೀನಿ, ನೀವು ಕರೀತಾನೇ ಇರಿ," ಎಂದರು. ಮತ್ತೆ ಓದಿದೆ, ಇನ್ನಷ್ಟು ಗಂಭೀರವಾಗಿ. ಚುಕ್ಕೆ ಅಲ್ಲೇ ಇತ್ತು. ಕಾಗದ ಅತ್ತ ಎಸೆದೆ.

"ಲೋ ಕತ್ತೆ! ಬಲೆ ಬಿಟ್ಟು ಓಡೋ! ತಲೆ ಮೇಲೆ ಬಾಂಬ್ ಬೀಳುತ್ತೆ ಕಣೋ! ನಿಮ್ಮಕ್ಕಂಗೆ ಏನಂತ ಹೇಳ್ಲೋ ನಾನು? ನಿನ್ನ ಕಾಲಿಗೆ ಬೀಳ್ತೀನಿ, ಬಾರೋ!"

ದನಿ ಒಡೆದು ಕೀರಲಾಯಿತು. ಸೊರ್ರೆಂದು ಮೂಗೆಳೆದುಕೊಂಡದ್ದೂ ಸಮುದ್ರದ ತುಂಬ ಪ್ರಸಾರವಾಯಿತು. ನನ್ನ ಮಾತು ಒಂದಕ್ಷರವೂ ಅರ್ಥವಾಗದ ದೂರದೇಶದ ಹಡಗಿನವನೊಬ್ಬ, ತಮಗೇನಾದರೂ ನೆರವು ಬೇಕೇ ಎಂದು ಬಹಳ ವಿನಯದಿಂದ ವಿಚಾರಿಸಿದ. ಅಷ್ಟರಲ್ಲಿ ಚುಕ್ಕೆ ಅಲುಗಿತು. ದಡದ ಕಡೆ ಓಟ ಕಿತ್ತಿತು. ನಾನು ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಸಂಜೆ ಬಾಮೈದ ಮನೆಗೆ ಬಂದ. ಬಲೆ ಕಳೆದುಕೊಂಡ ಮುಖ ಸಪ್ಪಗಿತ್ತು.

"ಮೊದಲು ಓದಿದ್ದು ಕೇಳಿಸಲಿಲ್ವೇನೋ?" ಎಂದೆ.

"ಕೇಳಿಸ್ತು ಭಾವ. ನೀವು ಶುರು ಮಾಡಿದ್ರೆ ನಾವೆಲ್ಲ ಸೌಂಡ್ ಕಮ್ಮಿ ಮಾಡ್ಕೊಂಡು ಊಟಕ್ಕೆ ಕೂರೋದು. ಇವತ್ತು ಯಾರೋ ಅಳ್ತಾ ಇದ್ದಾರಲ್ಲ ಅಂತ ಜಾಸ್ತಿ ಮಾಡ್ದೆ."

ಬಿಸಿನೀರು ಮುಕ್ಕಳಿಸಿದ್ದೆಲ್ಲ ನೀರಲ್ಲಿ ಹೋಮವಾಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನಿಗೆ ತಟ್ಟೆ ಇಟ್ಟಳು. ಆಮೇಲೆ, ನಾನು ಬಾಯಿ ತೆರೆಯುವ ಮೊದಲೇ, ಉಪ್ಪಿನ ಡಬ್ಬಿಯನ್ನು ತಂದು ನನ್ನ ಕೈಯಲ್ಲಿಟ್ಟಳು.