ಸದ್ದು ಮಾಡದ ಕಾಯಿ

ಹೋದ ಬೇಸಿಗೆಯ ಒಂದು ಶನಿವಾರ, ಗೆಳತಿಯ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆ ಎಂದು ಹೇಳಿ ಹೊಳಲ್ಕೆರೆಯ ನಮ್ಮ ಮನೆಯಿಂದ ಹೊರಟೆ. ಹೇಳಿದ್ದು ಹಾಗೆ. ಹೋದದ್ದು ಸೇಡು ತೀರಿಸಿಕೊಳ್ಳಲು. ಬ್ಯಾಗಿನಲ್ಲಿ ಎರಡು ಸೀರೆ, ಬಿಪಿ ಮಾತ್ರೆ, ಒಂದು ಡಬ್ಬಿ ಚಟ್ನಿಪುಡಿ, ಮತ್ತು ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ತೆಂಗಿನಕಾಯಿ ಇದ್ದವು. ಆ ಕಾಯಿ ಒಳಗೆ ಕೊಳೆತಿದೆ ಎಂದು ನನಗೆ ಖಾತ್ರಿಯಿತ್ತು. ಅದಕ್ಕೇ ಅದನ್ನು ಆರಿಸಿಕೊಂಡಿದ್ದೆ.

ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಿ ಹಿರಿಯೂರಿನ ಬಸ್ಸು ಹತ್ತಿದೆ. ಹೆದ್ದಾರಿಯ ಬಿಸಿಗಾಳಿ ಕಿಟಕಿಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬ್ಯಾಗನ್ನು ಮೇಲಿಡಿ ಎಂದರೂ ನಾನು ಇಡಲಿಲ್ಲ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡೆ. ಇಷ್ಟು ಸಿಟ್ಟನ್ನು ಇಷ್ಟು ಜೋಪಾನವಾಗಿ ನಾನು ಹಿಂದೆಂದೂ ಹೊತ್ತೊಯ್ದಿರಲಿಲ್ಲ.

ಸಿಟ್ಟು ಬಂದದ್ದು ಒಂದು ಫೋಟೋದಿಂದ. ನನ್ನ ತವರು ಹೊಸದುರ್ಗ ತಾಲ್ಲೂಕಿನಲ್ಲಿ, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಅಂಚಿನ ಒಂದು ಊರು. ಅಪ್ಪನ ತೋಟದ ಕೊನೆಯ ತುಂಡೊಂದನ್ನು ನನಗೆ ಅರಿಶಿನ-ಕುಂಕುಮಕ್ಕೆಂದು ಕೊಟ್ಟಿದ್ದರು. ಅದರಲ್ಲಿ ಅಮ್ಮ ನಾನು ಹುಟ್ಟಿದ ವರ್ಷ ನೆಟ್ಟ ಒಂದು ತೆಂಗಿನ ಮರವಿತ್ತು. ಸಸಿಯಾಗಿದ್ದಾಗ ಮನೆಯ ಎಮ್ಮೆ ಒರಗಿ ಒರಗಿ ಅದನ್ನು ಬಗ್ಗಿಸಿಬಿಟ್ಟಿತ್ತಂತೆ. ಆಳೆತ್ತರದವರೆಗೆ ಓರೆಯಾಗಿ ಬೆಳೆದು, ಅಲ್ಲಿ ಪೂರ್ತಿ ಅಡ್ಡಕ್ಕೆ ಬಾಗಿ, ಆಮೇಲೆ ಏನೋ ಬುದ್ಧಿ ಬಂದಂತೆ ನೆಟ್ಟಗೆ ಎದ್ದಿತ್ತು. ಆ ಬಾಗು ನಮಗೆಲ್ಲ ಕುರ್ಚಿ. ಅಮ್ಮ ತೀರಿಹೋದ ಮೇಲೆ ಊರಿಗೆ ಹೋದಾಗಲೆಲ್ಲ ಮನೆಗಿಂತ ಮೊದಲು ನಾನು ಹೋಗುತ್ತಿದ್ದದ್ದು ಅಲ್ಲಿಗೇ.

ಮಳೆ ಚೆನ್ನಾಗಿ ಬಂತು, ಕಣಿವೆ ತುಂಬಿ ಕೋಡಿ ಬಿತ್ತು. ಹಿರಿಯೂರಿನ ಕಡೆಯವರು ಕುಣಿದಾಡಿದರು, ಕುಣಿಯಬೇಕಾದದ್ದೇ. ಅವರಿಗೆ ನೀರು ಕಾಲುವೆಯಲ್ಲಿ ಬಂತು, ನಮಗೆ ತೋಟದೊಳಗೇ ಬಂತು. ಬಂದ ನೀರು ಇಳಿಯಲಿಲ್ಲ. ಎರಡು ಬೇಸಿಗೆ ನೀರಿನಲ್ಲೇ ನಿಂತು ಮರಗಳ ಗರಿ ಒಂದೊಂದಾಗಿ ಜೋತುಬಿದ್ದವು. ಮಳೆಯನ್ನು ಬೈಯಲು ಬರುವುದಿಲ್ಲ, ನೀರನ್ನು ಬೈದರೆ ಅದಕ್ಕೆ ಕೇಳಿಸುವುದಿಲ್ಲ.

ಆಗ ನಮ್ಮ ಹಾಸ್ಟೆಲಿನ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿಗೆ, ನಾನು ಹೊರಟಿದ್ದ ಮನೆಯ ಈ ಗೆಳತಿ ತೆಗೆದ ಫೋಟೋ ಬಂತು. ಚಿತ್ರದುರ್ಗದಲ್ಲಿ ಬಿ.ಎಡ್. ಓದುವಾಗ ನನ್ನ ರೂಮಿನಲ್ಲಿದ್ದವಳು, ಒಂದೇ ತಟ್ಟೆಯಲ್ಲಿ ಉಂಡವಳು. ಫೋಟೋದಲ್ಲಿ ಸಂಜೆಯ ಕೆಂಪು ನೀರು, ನೀರಿನ ನಡುವೆ ಸತ್ತ ತೆಂಗಿನ ಮರಗಳ ಸಾಲು, ಎಲ್ಲಕ್ಕಿಂತ ಮುಂದೆ ಬಾಗಿದ ಮರವೊಂದು. ಕೆಳಗೆ ಬರೆದಿದ್ದಳು: ‘ನಮ್ಮೂರ ಸ್ವಿಟ್ಜರ್ಲೆಂಡ್!’ ಜೊತೆಗೆ ಆರು ಹೃದಯ. ಉಳಿದವರೆಲ್ಲ ಸೂಪರ್, ಸೂಪರ್ ಎಂದು ಹೊಗಳಿದರು.

ಅವಳು ಹಿಂದೊಮ್ಮೆ ಆ ಮರದ ಮೇಲೆ ಕೂತಿದ್ದಳು. ಅದೇ ನನ್ನ ಸಂಕಟ. ಓದುವಾಗ ಎರಡು ದಿನದ ರಜೆಗೆ ನಮ್ಮೂರಿಗೆ ಬಂದು, ಅದೇ ಬಾಗಿನ ಮೇಲೆ ಕಾಲು ಇಳಿಬಿಟ್ಟು ಮೂರು ಎಳನೀರು ಕುಡಿದಿದ್ದಳು. ಇಳಿಯುವಾಗ ಲಂಗ ಸಿಕ್ಕಿಕೊಂಡು ಹರಿಯಿತು. ಅಮ್ಮ ತನ್ನ ಸೀರೆಯನ್ನು ಅವಳಿಗೆ ಸುತ್ತಿ ಕೂರಿಸಿ ಲಂಗ ಹೊಲಿದುಕೊಟ್ಟಿದ್ದಳು. ನೀರಿಗೆ ಮರದ ಗುರುತು ಸಿಗದಿದ್ದರೆ ಬೇಡ, ಇವಳಿಗೂ ಸಿಗಬಾರದೇ? ಒಂದು ಸಲ ಅವಳ ಎದೆ ಧಸಕ್ಕೆನ್ನಬೇಕು, ಆ ಮರಕ್ಕಾಗಿ ಅವಳ ಮುಖ ಒಮ್ಮೆಯಾದರೂ ಬಾಡಬೇಕು ಎನ್ನುವ ಒಂದೇ ಹಟ ನನ್ನೊಳಗೆ ಬೆಳೆಯಿತು.

ದಾರಿಯನ್ನು ಅವಳೇ ತೋರಿಸಿಕೊಟ್ಟಳು. ಫೋನ್ ಮಾಡಿ, ‘ಶನಿವಾರ ಬಂದ್ಬಿಡೇ. ಹಿನ್ನೀರಿನ ದಂಡೆ ಮನೆ ಮ್ಯಾಲೆ ಎರಡು ರೂಮು ಕಟ್ಸಿದೀವಿ. ಭಾನುವಾರ ಬೆಳಿಗ್ಗೆ ಪೂಜೆ ಐತೆ, ದೊಡ್ಡದೇನಲ್ಲ, ನಾವ್ ನಾವೇ,’ ಎಂದಳು. ಪೂಜೆ ಎಂದರೆ ಕಾಯಿ ಒಡೆಯಬೇಕು. ಶಕುನವೆಂದರೆ ಇವಳಿಗೆ ಪ್ರಾಣ. ಪರೀಕ್ಷೆಯ ದಿನ ಗುಡಿಯಲ್ಲಿ ಕಾಯಿ ಕೆಟ್ಟಿತೆಂದು ಅರ್ಧ ದಿನ ಅತ್ತವಳು.

ಆ ಬಾಗು ಮರದ ಕೊನೆಯ ಗೊನೆಯಿಂದ ಬಿದ್ದು ದಡಕ್ಕೆ ತೇಲಿಬಂದ ಮೂರು ಕಾಯಿಗಳನ್ನು ನಾನು ಆರಿಸಿ ತಂದು ಅಟ್ಟದ ಮೇಲಿಟ್ಟು ತಿಂಗಳುಗಳಾಗಿದ್ದವು. ಒಂದನ್ನು ಒಡೆದರೆ ಕೊಳೆತು ನಾತ, ಇನ್ನೊಂದು ಒಳಗೆಲ್ಲ ಕಪ್ಪು. ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ನೀರು ಅಲುಗಿದರೆ ಕಾಯಿ ಒಳ್ಳೆಯದು, ಅಲುಗದಿದ್ದರೆ ಕೆಟ್ಟದ್ದು. ಹೊರಡುವ ಹಿಂದಿನ ದಿನ ಹಾರೆಗೆ ಹಾಕಿ ನಾನೇ ಸುಲಿದೆ. ಪೂಜೆಗೆ ಬೋಳು ಕಾಯಿ ಆಗದು, ಕಣ್ಣು ಮುಚ್ಚುವಂತೆ ಜುಟ್ಟು ಬಿಡಬೇಕು. ಬಿಟ್ಟೆ. ಒಳ್ಳೆಯ ದಪ್ಪ ಜುಟ್ಟನ್ನೇ ಬಿಟ್ಟೆ.

ಹಿರಿಯೂರಿನ ಬಸ್‌ಸ್ಟ್ಯಾಂಡಿಗೆ ಗಂಡ ಹೆಂಡತಿ ಇಬ್ಬರೂ ಕಾರು ತಂದಿದ್ದರು. ಅವಳ ಗಂಡ ಪಂಪ್‌ಸೆಟ್ ವ್ಯಾಪಾರದವರು, ಮಾತಿನ ಮಲ್ಲ, ಮನುಷ್ಯ ಒಳ್ಳೆಯವರು. ಒಳ್ಳೆಯವರು ಎನ್ನುವುದು ನನಗೆ ಆ ದಿನ ತೊಂದರೆಯಾಗಿತ್ತು. ಹಿನ್ನೀರಿನ ದಂಡೆಯ ಮನೆಗೆ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯಲ್ಲಿ ನಾನು ಇಡೀ ಸ್ವಿಟ್ಜರ್ಲೆಂಡ್ ನೋಡಿ ಮುಗಿಸಿದೆ. ಹಿಂದಿನ ಬೇಸಿಗೆಯಲ್ಲಿ ಪ್ಯಾಕೇಜ್ ಟೂರಿನಲ್ಲಿ ಹೋಗಿ, ಅಲ್ಲಿ ಯಾವುದೋ ಸರೋವರದ ಪಟ್ಟಣದಲ್ಲಿ ಎರಡು ದಿನ ಇದ್ದು ಬಂದಿದ್ದರು.

‘ಅಲ್ಲಿ ಕೆರೆ ದಂಡೇಲಿ ಬೆಂಚ್ ಮ್ಯಾಲೆ ಕುಂತ್ಕಂಡ್ರೆ ಇವಳದು ಒಂದೇ ಮಾತು ಮೇಡಂ. ರೀ, ಇದು ನಮ್ಮ ಕಣಿವೆ ಇದ್ದಂಗೇ ಐತಲ್ರೀ ಅಂತ. ಅಲ್ಲಿ ಹಂಸ, ಇಲ್ಲಿ ಬೆಳ್ಳಕ್ಕಿ, ಅಷ್ಟೇ.’

‘ಅಲ್ಲಿ ಸೆಕೆ ಇಲ್ಲ ಬಿಡ್ರಿ,’ ಎಂದಳು ಇವಳು.

ಮನೆಯೊಳಗೆ ಕಾಲಿಟ್ಟ ಕೂಡಲೇ ಎದುರು ಗೋಡೆಯ ಮೇಲೆ ಅದೇ ಫೋಟೋ. ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಮೇಲೊಂದು ಪುಟ್ಟ ದೀಪ ಬೇರೆ. ನನ್ನ ಅಮ್ಮನ ಫೋಟೋಕ್ಕೂ ನಾನು ಅಂಥ ದೀಪ ಹಾಕಿಸಿಲ್ಲ.

‘ಬರ್ರಿ, ಕುಂತ್ಕಳ್ರಿ ಮೇಡಂ,’ ಎಂದರು ಅವರು. ಇವಳು ಮಾವಿನಹಣ್ಣು ಹೆಚ್ಚಿ ತಂದಳು. ನನ್ನ ಕೈ ಹಿಡಿದುಕೊಂಡೇ ಕೂತು, ಇಳಿದುಹೋಗಿದ್ದೀಯ, ಶುಗರ್ ನೋಡಿಸಿದೆಯಾ ಎಂದೆಲ್ಲ ಕೇಳಿದಳು. ನನ್ನ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು ಎಂದು ಒಪ್ಪಿಕೊಳ್ಳಬೇಕು. ಅವಳಿಗೊಂದು ಅವಕಾಶ ಕೊಡೋಣ ಎನ್ನಿಸಿತು. ಸಂಜೆ ಟೀ ಕುಡಿಯುತ್ತಾ ಗೋಡೆಯ ಕಡೆ ಕೈ ತೋರಿಸಿದೆ.

‘ಆ ಬಾಗಿರೋ ಮರ ಎಲ್ಲಾದ್ರೂ ನೋಡಿದಂಗೈತೇನೇ?’

‘ನೋಡಿದಂಗೇನು, ದಿನಾ ನೋಡ್ತೀನಲ್ಲೇ! ಅದಿಲ್ದಿದ್ರೆ ಫೋಟೋಕ್ಕೆ ಕಳೆನೇ ಇಲ್ಲ. ಯಾರ ತೋಟಾನೋ, ಪಾಪ.’

ಪಾಪ ಎಂದು ಹೇಳಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದಳು. ಆಗಲೇ ಬಾಯಿಬಿಟ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅಯ್ಯೋ ಎನ್ನುತ್ತಾಳೆ, ಎರಡು ಹನಿ ಕಣ್ಣೀರು ಹಾಕುತ್ತಾಳೆ, ರಾತ್ರಿ ಊಟಕ್ಕೆ ಹೋಳಿಗೆ ಮಾಡುತ್ತಾಳೆ. ಅಷ್ಟು ಅಗ್ಗಕ್ಕೆ ಅವಳನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಬ್ಯಾಗಿನಿಂದ ಕಾಯಿ ತೆಗೆದು ಅವಳ ಕೈಗಿಟ್ಟೆ.

‘ತವರಿನ ಕಾಯಿ ಕಣೇ. ನಾಳೆ ಪೂಜೆಗೆ ಇದನ್ನೇ ಒಡೀರಿ.’

ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅಲ್ಲಾಡಿಸಿ ನೋಡಲಿಲ್ಲ. ಗೆಳತಿ ಕೊಟ್ಟ ಕಾಯಿಯನ್ನು ಯಾರು ಅಲ್ಲಾಡಿಸಿ ನೋಡುತ್ತಾರೆ?

ಭಾನುವಾರ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಕಾಗಿತ್ತು. ಮೇಲಿನ ರೂಮಿನ ಹೊಸ್ತಿಲಿಗೆ ಅರಿಶಿನ ಬಳಿದು, ಮಾವಿನ ತೋರಣ ಕಟ್ಟಿ, ನಾವು ಮೂವರೇ ನಿಂತಿದ್ದೆವು. ಮುಂದೆ ಹಿನ್ನೀರು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಅವಳು ಆರತಿ ಎತ್ತಿದಳು. ಅವಳ ಗಂಡ ಕಾಯಿಗೆ ಕೈಮುಗಿದು, ಜುಟ್ಟು ಹಿಡಿದು ಮಚ್ಚಿನಿಂದ ಏಟು ಹಾಕಿದರು. ನಾನು ಕಾಯಿಯನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಬಾಡುವುದನ್ನು ಕಾಣಲು ಅಷ್ಟು ದೂರದಿಂದ ಬಂದಿದ್ದೆನಲ್ಲ.

ಮುಖ ಅರಳಿತು.

‘ರೀ, ಹೂವು! ಕಾಯಾಗೆ ಹೂ ಬಿದ್ದೈತೆ ನೋಡ್ರಿ!’

ಒಳಗೆ ಒಂದು ಹನಿ ನೀರಿರಲಿಲ್ಲ. ನೀರಿದ್ದ ಜಾಗವನ್ನೆಲ್ಲ ತುಂಬಿಕೊಂಡು, ಹಳದಿ ಛಾಯೆಯ ಬಿಳಿ ಹೂವು ಉಂಡೆಯಂತೆ ಕೂತಿತ್ತು. ಪೂಜೆಯ ಕಾಯಿಯಲ್ಲಿ ಹೂವು ಬಂದರೆ ಅದಕ್ಕಿಂತ ಒಳ್ಳೆಯ ಶಕುನ ನಮ್ಮ ಕಡೆ ಇನ್ನೊಂದಿಲ್ಲ. ಅವರು ಕಾಯಿಗೆ ಇನ್ನೊಮ್ಮೆ ಕೈಮುಗಿದರು. ಇವಳು ನನ್ನನ್ನು ತಬ್ಬಿಕೊಂಡು, ‘ನಿನ್ನ ಕೈಗುಣ ಕಣೇ, ನಿನ್ನ ಕೈಗುಣ,’ ಎಂದಳು. ಹೂವನ್ನು ಮುರಿದು ಮೊದಲ ತುಂಡನ್ನು ನನ್ನ ಬಾಯಿಗೇ ಇಟ್ಟಳು. ಸಿಹಿಯಾಗಿತ್ತು. ನನ್ನ ಮರ ಸತ್ತರೂ ಇವಳಿಗೇ ಒಳ್ಳೆಯದು ಮಾಡಿ ಸತ್ತಿತಲ್ಲ ಎನ್ನಿಸಿತು.

ಆ ತುಂಡು ನುಂಗಿ ಮುಗಿಯುವ ಮೊದಲೇ ಹೇಳಿಬಿಟ್ಟೆ.

‘ಇದು ನಿನ್ನ ಗೋಡೆ ಮೇಲಿರೋ ಮರದ ಕಾಯಿ. ಯಾರದೋ ತೋಟ ಅಲ್ಲ, ನಂದು. ಆ ಬಾಗಿನ ಮೇಲೆ ಕುಂತು ನೀನು ಎಳನೀರು ಕುಡಿದಿದ್ದೆ.’

ಅವಳ ಕೈಯಲ್ಲಿದ್ದ ತಟ್ಟೆ ಓರೆಯಾಯಿತು, ಕುಂಕುಮ ಹೊಸ ನೆಲದ ಮೇಲೆ ಚೆಲ್ಲಿತು. ‘ನನ್ನ ಲಂಗ...’ ಎಂದಳು. ‘ಅಮ್ಮ ಹೊಲಿದು ಕೊಟ್ಟಿದ್ದು... ಆ ಮರಾನೇನೇ?’

‘ಅದೇ ಮರ.’

ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಹೊಸ್ತಿಲ ಮೇಲೆ ಕೂರಬಾರದೆಂದು ಹಾಸ್ಟೆಲಿನಲ್ಲಿ ಎಲ್ಲರನ್ನೂ ಎಬ್ಬಿಸುತ್ತಿದ್ದವಳು ಅವಳು. ಬಾಡಬೇಕೆಂದು ನಾನು ಹಟ ಹಿಡಿದಿದ್ದ ಮುಖ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಬಾಡಿತು. ‘ಮೊದಲೇ ಹೇಳಬಾರದಿತ್ತೇನೇ, ನಾನು ಅಷ್ಟು ದೊಡ್ಡ ಫೋಟೋ ಮಾಡಿ...’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳ ಗಂಡ ಕೆಳಗಿಳಿದು ಹೋದರು. ಫೋಟೋವನ್ನು ಗೋಡೆಯಿಂದ ಇಳಿಸುವ ಸದ್ದು ಮೇಲೆ ಕೇಳಿಸಿತು.

ನನ್ನ ಸೇಡು ತೀರಿತ್ತು. ಎರಡು ಮಾತಿನಲ್ಲಿ ತೀರಿತ್ತು. ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ. ಆ ಸಂತೋಷದಲ್ಲೇ ನೆಲದ ಮೇಲಿದ್ದ ಜುಟ್ಟಿನ ಕಡೆಯ ಹೋಳನ್ನು ಎತ್ತಿಕೊಂಡು, ಸುಮ್ಮನೆ ಕೈಗೆ ಕೆಲಸವಿರಲೆಂದು ಜುಟ್ಟನ್ನು ಕಿತ್ತೆ.

ಒಂದು ಕಣ್ಣಿನಿಂದ ಉಗುರಿನುದ್ದದ ಬಿಳಿ ಮೊಳಕೆ ಹೊರಗೆ ಬಂದಿತ್ತು.

ಇಪ್ಪತ್ತೇಳು ವರ್ಷದಿಂದ ಮಕ್ಕಳಿಗೆ ಬೀಜ ಮೊಳೆಯುವ ಪಾಠ ಮಾಡುತ್ತಿರುವ ವಿಜ್ಞಾನದ ಟೀಚರು ನಾನು. ಕಾಯಿ ಸದ್ದು ಮಾಡದಿರುವುದಕ್ಕೆ ಇನ್ನೊಂದು ಕಾರಣವೂ ಇರುತ್ತದೆ, ಒಳಗಿನ ನೀರನ್ನು ಮೊಳಕೆ ಕುಡಿದಿರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ಕೊಳೆತಿದ್ದವು, ಮೂರನೆಯದೂ ಕೊಳೆತಿರಲಿ ಎಂದು ನನ್ನ ಸಿಟ್ಟಿಗೆ ಬೇಕಾಗಿತ್ತು. ಅಟ್ಟದ ಕತ್ತಲಲ್ಲಿ ಅಮ್ಮನ ಮರ ಇನ್ನೊಂದು ಮರವಾಗಲು ಹೊರಟಿತ್ತು. ಸಿಪ್ಪೆ ಸುಲಿಯದೆ ಹೊಳಲ್ಕೆರೆಯ ಹಿತ್ತಿಲಲ್ಲಿ ಒಂದು ಗುಂಡಿ ತೋಡಿ ಇಟ್ಟಿದ್ದರೆ ಸಾಕಿತ್ತು. ಬಾಯಲ್ಲಿ ಹೇಳಿ ಮುಗಿಸಬಹುದಾಗಿದ್ದ ಜಗಳಕ್ಕೆ ನಾನೇ ಅದನ್ನು ಸುಲಿದು, ಹೊತ್ತುತಂದು, ಒಡೆಸಿದ್ದೆ. ಆ ಹೂವು ಮೊಳಕೆಯ ಅನ್ನ. ಅದನ್ನೂ ಪ್ರಸಾದವೆಂದು ಹಂಚಿಕೊಂಡು ತಿಂದಿದ್ದೆವು.

ಅವಳೂ ಮೊಳಕೆಯನ್ನು ನೋಡಿದಳು. ಒದ್ದೆ ಕಣ್ಣಿನಲ್ಲೇ ಹೋಳನ್ನು ನನ್ನ ಕೈಯಿಂದ ಕಸಿದುಕೊಂಡು, ‘ಜೀವ ಐತೆ ಕಣೇ ಇದಕ್ಕೆ! ಹೂಳಾಣ, ನಾನು ನೋಡ್ಕಂತೀನಿ. ಬರ್ತೈತಲ್ವೇನೇ?’ ಎಂದಳು.

ಬರುವುದಿಲ್ಲ. ಒಡೆದ ಹೋಳು ಗಿಡವಾಗುವುದಿಲ್ಲ. ಅದು ನನಗೆ ಗೊತ್ತಿತ್ತು, ಪೇಟೆಯಲ್ಲೇ ಬೆಳೆದ ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಆಸೆ ಮೂಡಿದ್ದನ್ನು ಕಂಡು ನನ್ನ ಸಿಟ್ಟೆಲ್ಲ ಮತ್ತೆ ಹೆಡೆಯೆತ್ತಿತು. ನನಗೆ ಇಲ್ಲದ ಆಸೆ ಇವಳಿಗೇಕೆ, ದಿನಾ ಕಾದು ಕಾದು ಸೋಲಲಿ ಎನ್ನಿಸಿತು.

‘ಬರ್ತೈತೆ,’ ಎಂದೆ. ‘ದಿನಾ ಮರೀದಂಗೆ ನೀರು ಹಾಕು.’

ಅವತ್ತೇ ಅವಳು ದೊಡ್ಡದೊಂದು ಕುಂಡ ತಂದು, ಕೆಮ್ಮಣ್ಣು ತುಂಬಿ, ಆ ಹೋಳನ್ನು ಹೂಳಿದಳು. ಫೋಟೋ ಇದ್ದ ಗೋಡೆಯ ಕೆಳಗೇ ಕುಂಡ ಇಡಿಸಿದಳು. ಅಲ್ಲಿಂದ ಇವತ್ತಿನವರೆಗೂ ಪ್ರತಿದಿನ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ, ಗುಂಪಿಗಲ್ಲ, ನನಗೊಬ್ಬಳಿಗೇ ಒಂದು ಫೋಟೋ ಕಳಿಸುತ್ತಾಳೆ. ಒದ್ದೆ ಮಣ್ಣು, ಕುಂಡದ ಅಂಚು, ಕೆಲವೊಮ್ಮೆ ಅವಳ ಕಾಲಿನ ಬೆರಳು. ಹೃದಯ ಹಾಕುವುದಿಲ್ಲ. ‘ಇನ್ನೂ ಬಂದಿಲ್ಲ ಕಣೇ,’ ಎಂದು ಬರೆದಿರುತ್ತಾಳೆ.

‘ಇನ್ನೊಂದಷ್ಟು ದಿನ ನೋಡು,’ ಎಂದು ನಾನು ಬರೆಯುತ್ತೇನೆ. ಅವಳನ್ನು ಕ್ಷಮಿಸಿಲ್ಲ. ಅವಳನ್ನು ಕ್ಷಮಿಸಿಬಿಟ್ಟರೆ ಉಳಿದ ಸಿಟ್ಟಿಗೆ ಸಿಕ್ಕಿಹಾಕಿಕೊಳ್ಳುವವಳು ನಾನೊಬ್ಬಳೇ. ಬರೆದು ಮುಗಿಸಿ ಫೋನನ್ನು ಬ್ಯಾಗಿಗೆ ಹಾಕುವ ಮೊದಲು, ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಆ ಮಣ್ಣನ್ನು ಮೂಲೆ ಮೂಲೆಯೂ ಬಿಡದೆ ನೋಡುತ್ತೇನೆ.