ಮೊಸರಿನ ಡಬ್ಬಿಯಲ್ಲಿ ಎರೆಹುಳು

ಕಳೆದ ಶನಿವಾರ ಬೆಳಗ್ಗೆ ಮಜ್ಜಿಗೆಹುಳಿಗೆಂದು ಫ್ರಿಜ್ಜಿನಿಂದ ಮೊಸರಿನ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದರೆ ಒಳಗೆ ಕಪ್ಪು ಮಣ್ಣು. ಮಣ್ಣಿನಲ್ಲಿ ಎರೆಹುಳುಗಳು. ತಣ್ಣಗೆ, ಆರಾಮವಾಗಿ ಹೊರಳಾಡುತ್ತಿದ್ದವು.

ನಾನು ಕಿರುಚಲಿಲ್ಲ. (ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು ಹುಳು ನೋಡಿ ಕಿರುಚಿದರೆ ಹೇಗೆ?) ಮುಚ್ಚಳ ಹಾಕಿ, ಕೈ ತೊಳೆದು, ಮಗಳು ಸುಮಾಳನ್ನು ಕರೆದೆ. ಕಿರುಚುವ ಕೆಲಸ ಅವಳು ಮಾಡಿದಳು.

ಇಲ್ಲಿ ಅಮೆರಿಕದ ಕ್ಯಾರಿ ಊರಿನಲ್ಲಿ ನಮ್ಮವರ ಮನೆಗಳಲ್ಲಿ ಮೊಸರಿನ ಖಾಲಿ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ. ಫ್ರಿಜ್ಜಿನ ತುಂಬ ಒಂದೇ ಥರದ ಡಬ್ಬಿಗಳು. ಎಲ್ಲದರ ಮೇಲೂ ಮೊಸರೆಂದೇ ಬರೆದಿರುತ್ತದೆ. ಒಳಗೆ ಗೊಜ್ಜು, ನಿನ್ನೆಯ ಪಲ್ಯ, ದೋಸೆಹಿಟ್ಟು, ಏನು ಬೇಕಾದರೂ ಇರಬಹುದು. ಚೀಟಿ ಅಂಟಿಸಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಈಗ ಹುಳುವೂ ಸೇರಿತು.

"ಏನ್ರೀ ಇದು?" ಸುಮಾ ಗಂಡನನ್ನು ವಿಚಾರಿಸಿಕೊಂಡಳು.

"ಪಕ್ಕದ್ಮನೆ ವಾಲ್ಟರ್ ಕೊಟ್ಟಿದ್ದು. ಫಿಶಿಂಗ್‌ಗೆ. ತಣ್ಣಗಿಡ್ಬೇಕಂತೆ, ಇಲ್ದಿದ್ರೆ ಸತ್ತೋಗುತ್ವೆ."

"ಮೊಸರಿನ ಪಕ್ಕದಲ್ಲಿ?"

"ಕೆಳಗಿನ ಶೆಲ್ಫಲ್ಲಿಟ್ಟಿದ್ದೆ ಸುಮಾ. ಪಕ್ಕ ಅಲ್ಲ."

ಎಂಥ ಸಮಾಧಾನ, ನೋಡಿ.

ಅಳಿಯ ಗಿರೀಶ್ ಕೆಟ್ಟವರಲ್ಲ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಇನ್ನೂ ನಲವತ್ತು ತುಂಬಿಲ್ಲ, ಆಗಲೇ ಬಿ.ಪಿ. ಒಂದು ತಿಂಗಳು ನೋಡೋಣ, ಇಳಿಯದಿದ್ದರೆ ಮಾತ್ರೆ ಶುರು ಎಂದಿದ್ದಾರೆ ಡಾಕ್ಟರು. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದೂ ಕೇಳಿದರಂತೆ. ಆಫೀಸ್ ಕೆಲಸ ಎಂದರಂತೆ ಇವರು. ಇದನ್ನು ಕೇಳಿದ ವಾಲ್ಟರ್ (ನಿವೃತ್ತ ಪೋಸ್ಟ್‌ಮ್ಯಾನ್, ಸದಾ ಪುರುಸೊತ್ತು) ಬ್ಲೂಗಿಲ್ ಹಿಡಿಯಿರಿ ಎಂದರು. ಅಂಗೈಯಷ್ಟಗಲದ ಕೆರೆ ಮೀನು. ಕಲಿಯುವವರಿಗೆ ಇದಕ್ಕಿಂತ ಸುಲಭದ್ದಿಲ್ಲವಂತೆ. ಸಣ್ಣ ಗಾಳ, ಸಣ್ಣ ಬೆಂಡು, ದೂರ ಎಸೆಯುವುದೂ ಬೇಡ, ದಡದ ಹತ್ತಿರವೇ ಇರುತ್ತವೆ. ತಿನ್ನಬೇಕಾಗಿಲ್ಲ, ಹಿಡಿದು ಬಿಟ್ಟರಾಯಿತು.

ಹಿಡಿದು ಬಿಡುವುದಾದರೆ ಹಿಡಿಯುವುದೇಕೆ? ಕೇಳಬೇಕೆನಿಸಿತು. ಆದರೆ ಈಚೆಗೆ ಪ್ರಶ್ನೆ ಕೇಳುವುದಕ್ಕೂ ಆಯಾಸ.

ಸುಮಾ ತೀರ್ಪು ಕೊಟ್ಟಳು. ಫಿಶಿಂಗ್ ಆಗಬಹುದು, ಹುಳು ಆಗುವುದಿಲ್ಲ. ಹುಳುಗಳನ್ನು ಕರಿಬೇವಿನ ಕುಂಡಕ್ಕೆ ಸುರಿದೆ. (ಅವಾದರೂ ಸುಖವಾಗಿರಲಿ.) ಗಾಳಕ್ಕೆ ಸಿಕ್ಕಿಸಲು ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಕೊಟ್ಟಳು.

"ಅಮ್ಮಾ, ನೀನೂ ಜೊತೇಲಿ ಹೋಗು. ಒಬ್ರೇ ಹೋದ್ರೆ ಅರ್ಧ ದಾರೀಲಿ ಆಫೀಸ್ ಕಡೆ ಕಾರ್ ತಿರುಗಿಸ್ತಾರೆ."

ಹೀಗೆ, ಮೊಟ್ಟೆಯನ್ನೂ ಮುಟ್ಟದ ನಾನು, ಈ ವಯಸ್ಸಿನಲ್ಲಿ ಗಾಳ ಹಾಕಲು ಹೋದೆ.

ಪಾರ್ಕಿನ ಕೆರೆ. ಮರದ ಅಟ್ಟಣೆಯ ಮೇಲೆ ಮಡಚುವ ಕುರ್ಚಿ ಹಾಕಿ ಕೂತೆವು. ಗಿರೀಶ್ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಎಸೆದರು. ಉಂಡೆ ಒಂದು ಕಡೆ, ಗಾಳ ಒಂದು ಕಡೆ ಬಿತ್ತು. ಆ ಮೀನಿನ ಬಾಯಿ ಎಷ್ಟಿರುತ್ತದೆಂದು ಯೋಚಿಸಬೇಡವೇ? ಬಟಾಣಿಯಷ್ಟು ಸಾಕೆಂದು ನಾನೇ ಉಂಡೆ ಮಾಡಿಕೊಟ್ಟೆ.

ಬೆಂಡು ನೀರಿನ ಮೇಲೆ ನಿಂತಿತು. ಕೆಲಸವೆಂದರೆ ಅದನ್ನು ನೋಡುತ್ತ ಕೂರುವುದು, ಅಷ್ಟೆ. ಗಿರೀಶ್ ಬೆಂಡನ್ನು ಒಮ್ಮೆ ನೋಡುವರು, ಆಫೀಸಿನವರು ಕರೆದರೆ ಸದ್ದು ಮಾಡುವ ಸೊಂಟದ ಪೇಜರನ್ನು ಒಮ್ಮೆ ನೋಡುವರು. ಬಹಳ ಹೊತ್ತು ಹೀಗೇ ನಡೆಯಿತು. ಆಮೇಲೆ ನಿಧಾನವಾಗಿ ಅವರ ಭುಜ ಇಳಿಯಿತು. ವಾರ್ಡಿನಲ್ಲಿ ಜ್ವರ ಬಿಟ್ಟವರ ಭುಜ ಹೀಗೇ ಇಳಿಯುತ್ತಿತ್ತು.

"ಎಷ್ಟು ಸೈಲೆಂಟಾಗಿದೆ ಅಲ್ವಾ ಅತ್ತೆ?"

ಹೂಂ ಎನ್ನುವಷ್ಟರಲ್ಲಿ ಪೇಜರ್ ಗುಯ್ ಎಂದಿತು.

"ಎರಡೇ ನಿಮಿಷ ಅತ್ತೆ. ಇದನ್ನ ಹಿಡ್ಕೊಂಡಿರಿ." ಕೋಲನ್ನು ನನ್ನ ಕೈಗಿತ್ತು, ಕಾರ್ ನಿಲ್ಲಿಸಿದ್ದ ಕಡೆಯ ಪೇ ಫೋನಿಗೆ ಓಡಿದರು. ಓಡಿದರು ಎಂದರೆ ನಿಜವಾಗಿ ಓಡಿದರು.

ಬೆಂಡು ಮುಳುಗಿದ್ದು ಆಗಲೇ. ನಾನು ಎತ್ತಿದೆ. ದಾರದ ತುದಿಯಲ್ಲಿ ಮೀನು ಪಟಪಟ ಒದ್ದಾಡುತ್ತಿತ್ತು. ಹೊಟ್ಟೆ ಅರಿಸಿನ ಬಳಿದ ಹಾಗೆ, ಕಿವಿರಿನ ಅಂಚಿನಲ್ಲಿ ಕಪ್ಪು ಬೊಟ್ಟು. "ಗಿರೀಶ್" ಎಂದು ಕೂಗಿದೆ. ಅವರು ಬೆನ್ನು ತಿರುಗಿಸಿ ಮಾತಾಡುತ್ತಿದ್ದರು. ಮತ್ತೆ ಕೂಗಿದೆ. ಕೈ ಎತ್ತಿ, ಒಂದು ನಿಮಿಷ ಎಂಬಂತೆ ಬೆರಳು ತೋರಿಸಿದರು.

ಮೀನಿಗೆ ಒಂದು ನಿಮಿಷ ಎಲ್ಲಿಂದ ತರಲಿ?

ಕೈ ಒದ್ದೆ ಮಾಡಿಕೊಂಡು, ಬೆನ್ನಿನ ಮುಳ್ಳನ್ನು ತಲೆಯಿಂದ ಹಿಂದಕ್ಕೆ ಒತ್ತಿ ಹಿಡಿದೆ. ಹೊಲಿಗೆ ಬಿಚ್ಚಿ ಅಭ್ಯಾಸವಿದ್ದ ಬೆರಳಿಗೆ ಗಾಳ ತೆಗೆಯುವುದು ಕಷ್ಟವಾಗಲಿಲ್ಲ. ನೀರಿಗೆ ಬಿಟ್ಟೆ. ಹೋಯಿತು.

ಗಿರೀಶ್ ಏದುಸಿರು ಬಿಡುತ್ತ ಬಂದರು. "ಸಿಕ್ತಾ ಅತ್ತೆ?"

"ಸಿಕ್ತು. ಬಿಟ್ಟೆ."

"ಸ್ವಲ್ಪ ಹೊತ್ತು ಹಿಡ್ಕೊಂಡಿರಬಾರ್ದಿತ್ತಾ? ಫಸ್ಟ್ ಫಿಶ್ಶು."

"ಅದು ಉಸಿರಾಡ್ಬೇಕಲ್ರೀ."

ಅವರು ಕೆಳಗೆ ನೋಡಿದರು. ಫೋನು ಯಾಕೆ ಎಂದು ಕೇಳಿದೆ. ಬ್ಯಾಕಪ್ ಟೇಪು ಯಾವ ಬೀರುವಿನಲ್ಲಿದೆ ಎಂದು ಯಾರೋ ಕೇಳಿದ್ದರಂತೆ. ಹೇಳುವಷ್ಟರಲ್ಲಿ ಆ ಕಡೆಯವರಿಗೇ ಸಿಕ್ಕಿತಂತೆ.

ಆಮೇಲೆ ಒಂದು ಮೀನೂ ಬರಲಿಲ್ಲ. ಮನೆಗೆ ಬಂದು, ಅರ್ಧ ಗಂಟೆ ಕೂರಿಸಿ, ಬಿ.ಪಿ. ನೋಡಿದೆ. ಪಾದರಸ ಹೋದ ವಾರ ನಿಂತಲ್ಲೇ ನಿಂತಿತು. ದಣಿವಾರಿಸಿಕೊಳ್ಳಲು ಹೋಗಿ ಇಬ್ಬರೂ ದಣಿದು ಬಂದಿದ್ದೆವು.

ಇಲ್ಲಿ ಎಲ್ಲರದ್ದೂ ಇದೇ ಕಥೆ. ಬೀಚಿಗೆ ಹೋದರೂ ಪೇಜರ್, ಪೂಜೆಗೆ ಕೂತರೂ ಪೇಜರ್. ಮಂಗಳಾರತಿಯ ನಡುವೆ ಎದ್ದುಹೋದ ಗಂಡಸರನ್ನು ನೋಡಿದ್ದೇನೆ. ಹಾಗೆ ಎದ್ದುಹೋದವರು ತಪ್ಪಿಸಿದ ಅನಾಹುತ ಯಾವುದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ತೋಳಿನ ಪಟ್ಟಿ ಬಿಚ್ಚುವಾಗ ಗಿರೀಶ್ ಮೆಲ್ಲಗೆ ಕೇಳಿದರು. "ಮುಂದಿನ ಶನಿವಾರನೂ ಹೋಗೋಣ್ವಾ ಅತ್ತೆ?"

ಹೋಗೋಣ ಎಂದೆ. ತಿಂಗಳು ಮುಗಿಯಲು ಇನ್ನೂ ಸಮಯವಿದೆ.

ಆ ಮೊಸರಿನ ಡಬ್ಬಿಯನ್ನು ಸುಮಾ ಕಸಕ್ಕೆ ಹಾಕಿದ್ದಳು. ತೆಗೆದು, ಬಿಸಿನೀರಲ್ಲಿ ತೊಳೆದು, ಒರೆಸಿ ಇಟ್ಟಿದ್ದೇನೆ. ಮುಚ್ಚಳ ಗಟ್ಟಿಯಾಗಿದೆ, ಒಳಗೆ ಗುಯ್ ಎಂದರೂ ಹೊರಗೆ ಕೇಳಿಸದು. ಶನಿವಾರ ಅದರೊಳಗೆ ಹೋಗುವುದು ಹುಳುವಲ್ಲ.